ಗಾಳಿ ತುಂಬಿದ ಗಂಟು

ಹೆಂಡತಿಯ ಕುತ್ತಿಗೆ ದಪ್ಪವಾಗಿದೆ ಎಂದು ಮೊದಲು ಕಂಡುಹಿಡಿದವನು ಗಂಡ. ಅವನು ದರ್ಜಿ. ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸದ ಅಂಗಿಗಳನ್ನು ಅವನೇ ಹೊಲಿಯುತ್ತಿದ್ದ. ಕುಲುಮೆಯ ಮುಂದೆ ನಿಲ್ಲುವವರಿಗೆ ಕಿಡಿ ಒಳಗೆ ಬೀಳದಂತೆ ಕತ್ತಿನವರೆಗೂ ಗುಂಡಿ ಹಾಕುವ ಅಂಗಿ ಬೇಕು. ದಪ್ಪ ಹತ್ತಿಬಟ್ಟೆ, ಎತ್ತರದ ಕಾಲರು, ಒಂದು ಬೆರಳು ಆಡುವಷ್ಟು ಸಡಿಲ. ಆ ಸಂಜೆ ಅವಳು ಕೆಲಸದಿಂದ ಬಂದು ಅಂಗಿ ಬದಲಾಯಿಸಿದಾಗ ಕಾಲರಿನ ಮೇಲಿನ ಗುಂಡಿ ಇರಲಿಲ್ಲ. ದಾರ ಸವೆದು ಬಿದ್ದದ್ದಲ್ಲ, ಜಗ್ಗಿ ಕಿತ್ತದ್ದು ಎಂಬುದು ಬಟ್ಟೆ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು.

"ಯಾರಾದ್ರೂ ಕತ್ತಿನ ಪಟ್ಟಿ ಹಿಡಿದು ಎಳೆದ್ರಾ?" ಎಂದ.

"ನನ್ನ ಕತ್ತಿನ ಪಟ್ಟಿ ಹಿಡಿಯೋರು ಇನ್ನೂ ಹುಟ್ಟಿಲ್ಲ. ದಾರ ಹಳೇದಿರ್ಬೇಕು."

"ದಾರ ನಂದು. ಹೋದ ತಿಂಗಳು ಹಾಕಿದ್ದು."

ಅವಳು ಮಾತು ಬೆಳೆಸಲಿಲ್ಲ. ಹಾಗೆ ಸುಮ್ಮನಾಗುವವಳು ಅವಳಲ್ಲ. ಅದೇ ಅವನಿಗೆ ಸರಿ ಬರಲಿಲ್ಲ.

ಅವಳು ಗಾಜು ಊದುವವಳು. ಅವಳಿದ್ದ ಕಾರ್ಖಾನೆಯಲ್ಲಿ ಸಣ್ಣ ಬಾಟಲಿಗಳೆಲ್ಲ ಯಂತ್ರದಲ್ಲಿ ಆಗುತ್ತಿದ್ದವು. ಆದರೆ ದೊಡ್ಡ ಗುಂಡು ಜಾಡಿಗಳನ್ನು, ಒಬ್ಬರು ಎರಡೂ ತೋಳು ಬಳಸಿ ತಬ್ಬಿ ಹಿಡಿಯಬೇಕಾದಂಥವನ್ನು, ಬಾಯಿಂದಲೇ ಊದಬೇಕಿತ್ತು. ಹಿಂದಿನ ಶೆಡ್ಡಿನಲ್ಲಿ ಅದಕ್ಕಾಗಿ ಮೂರು ಕುಲುಮೆಗಳಿದ್ದವು. ಮೂರನೆಯದು ಅವಳದು. ಎದೆಯೆತ್ತರದ ಕಬ್ಬಿಣದ ಕೊಳವೆಯ ತುದಿಗೆ, ಜೇನಿನಂತೆ ಜೋಲುವ ಕೆಂಪು ಗಾಜನ್ನು ಸುತ್ತಿ ತೆಗೆಯಬೇಕು. ಅದು ಒಂದು ಪಕ್ಕಕ್ಕೆ ಇಳಿದುಹೋಗದಂತೆ ಕೊಳವೆಯನ್ನು ತಿರುಗಿಸುತ್ತಲೇ ಇರಬೇಕು, ತಿರುಗಿಸುತ್ತಲೇ ಊದಬೇಕು. ಮೊದಲ ಉಸಿರು ಗಟ್ಟಿ, ನಡುವಿನದು ಹದ, ಕೊನೆಯದು ಜೀವ ಹಿಂಡುವಂಥದ್ದು. ಶೆಡ್ಡಿನಲ್ಲಿ ಅವಳ ಉಸಿರಿಗೆ ಜೋಡಿ ಇರಲಿಲ್ಲ. ವಯಸ್ಸು ನಲವತ್ತಮೂರು. ಎಲ್ಲರಿಗೂ ಅವಳು ಮೇಸ್ತ್ರಿ ಅಕ್ಕ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಯಜಮಾನರೂ ಹಾಗೇ ಕರೆಯುತ್ತಿದ್ದರು.

ಮರುದಿನ ಬೆಳಿಗ್ಗೆ ಅವಳು ಹೊರಡುವ ಮುಂಚೆ ದರ್ಜಿ ಟೇಪು ತಂದು ಅವಳ ಕತ್ತಿಗೆ ಸುತ್ತಿದ. ಹದಿಮೂರು ಇಂಚು. ಸಂಜೆ ಬಂದ ಮೇಲೆ ಮತ್ತೆ ಸುತ್ತಿದ. ಹದಿಮೂರೂ ಮುಕ್ಕಾಲು.

"ಇದೇನ್ರೀ ಇದು, ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ. ನನಗೇನು ಉರುಳು ಹಾಕ್ತಿದ್ದೀರಾ?"

"ಬಾಯಿ ಮುಚ್ಕೊಂಡು ನಿಂತ್ಕೋ. ಮಾತಾಡಿದ್ರೆ ಅಳತೆ ಕೆಡುತ್ತೆ."

ಎರಡು ವಾರ ಹೀಗೇ ನಡೆಯಿತು. ಗಿರಾಕಿಗಳ ಎದೆ, ತೋಳು, ಸೊಂಟದ ಅಳತೆಗಳ ನಡುವೆ ಅವನ ಅಳತೆ ಪುಸ್ತಕದಲ್ಲಿ "ಮನೆಯವಳು, ಕತ್ತು" ಎಂದು ಒಂದು ಪುಟ ತುಂಬಿತು. ಪುಟವನ್ನು ಮೇಲಿನಿಂದ ಕೆಳಗೆ ನೋಡಿದಾಗ ಅವನಿಗೇ ಒಂದು ಸಂಗತಿ ಹೊಳೆಯಿತು. ಕೆಲಸಕ್ಕೆ ಹೋದ ದಿನ ಸಂಜೆಗೆ ಅಳತೆ ಏರುತ್ತಿತ್ತು. ರಜೆಯ ದಿನ ಏರುತ್ತಿರಲಿಲ್ಲ.

ಪುಟ ತೋರಿಸಿದ ಮೇಲೆ ಅವಳು ಒಪ್ಪಿಕೊಂಡಳು. ನಾಲ್ಕು ತಿಂಗಳಿಂದ ಅವಳಿಗೆ ಗೊತ್ತಿತ್ತು. ಕೊನೆಯ ಗಟ್ಟಿ ಉಸಿರು ಊದುವಾಗ ಕುತ್ತಿಗೆಯ ಎಡಗಡೆ, ದವಡೆಗಿಂತ ಮೂರು ಬೆರಳು ಕೆಳಗೆ, ನಿಂಬೆಹಣ್ಣಿನಷ್ಟು ಗಂಟು ಎದ್ದು ನಿಲ್ಲುತ್ತಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಗುಳುಗುಳು ಸದ್ದು ಮಾಡಿ ಒಳಗೆ ಹೋಗುತ್ತಿತ್ತು. ಕುಲುಮೆಯ ಗದ್ದಲದಲ್ಲಿ ಆ ಸದ್ದು ಯಾರಿಗೂ ಕೇಳುತ್ತಿರಲಿಲ್ಲ. ಗಂಟು ಕಾಣದಿರಲೆಂದು ಕತ್ತಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಈಚೆಗೆ ದನಿಯೂ ಒಡೆಯುತ್ತಿತ್ತು.

"ಯಾಕೆ ಹೇಳ್ಲಿಲ್ಲ?" ಎಂದ ದರ್ಜಿ.

"ಹೇಳಿದ್ರೆ ಊದಬೇಡ ಅಂತೀರಿ."

ಅವನು ಅದನ್ನೇ ಹೇಳುವವನಿದ್ದ.

ಮೊದಲು ಪಕ್ಕದ ರಸ್ತೆಯ ಡಾಕ್ಟರ ಬಳಿ ಹೋದರು. ಬೆಳಗಿನ ಹೊತ್ತು. ಡಾಕ್ಟರು ಕತ್ತನ್ನೆಲ್ಲ ಒತ್ತಿ ನೋಡಿ, "ಎಲ್ಲಮ್ಮ ಗಂಟು?" ಎಂದರು. ಗಂಟು ಇರಲಿಲ್ಲ. ಈ ವಯಸ್ಸಿನಲ್ಲಿ ಹೆಂಗಸರಿಗೆ ಹೀಗೆಲ್ಲ ಅನ್ನಿಸುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಶಕ್ತಿಯ ಮಾತ್ರೆ ಬರೆದುಕೊಟ್ಟರು. ಅವಳಿಗೆ ಅವಮಾನದಿಂದ ಕಿವಿ ಬಿಸಿಯಾಯಿತು.

ಎರಡನೆಯ ಸಲ ಕೆಲಸ ಮುಗಿಸಿ ನೇರವಾಗಿ ಇನ್ನೊಂದು ಆಸ್ಪತ್ರೆಗೆ ಹೋದರು. ಈ ಸಲ ಗಂಟು ಇತ್ತು. ಅಲ್ಲಿದ್ದ ಡಾಕ್ಟರು ಅವಸರದಲ್ಲಿದ್ದರು. ಎರಡು ಬೆರಳಿಂದ ಮುಟ್ಟಿ ನೋಡಿ, ಕತ್ತಿನ ಗ್ರಂಥಿ ಊದಿಕೊಂಡಿದೆ, ಒಳ್ಳೆಯದೋ ಕೆಟ್ಟದ್ದೋ ಹೇಳಲಾಗದು, ಮೊದಲು ಮಾತ್ರೆ, ಮುಂದಿನ ವಾರ ಸೂಜಿ ಚುಚ್ಚಿ ತುಣುಕು ತೆಗೆಯುವುದು, ಆಮೇಲೆ ಕತ್ತರಿಸುವುದು ಎಂದರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಲೇ ಇಲ್ಲ. ಮುಂದಿನ ವಾರ ಬೆಳಿಗ್ಗೆ ಹೋದಾಗ ಸೂಜಿ ಚುಚ್ಚಲು ಗಂಟೇ ಇರಲಿಲ್ಲ.

"ನೋಡಿದ್ರಾ, ಮಾತ್ರೆ ಕೆಲಸ ಮಾಡಿದೆ," ಎಂದರು ಡಾಕ್ಟರು ಸಂತೋಷದಿಂದ.

ಮಾತ್ರೆಯ ಪೊಟ್ಟಣವನ್ನು ಅವಳು ಬಿಚ್ಚಿಯೇ ಇರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಗಂಡ ಹೆಂಡತಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಆದರೆ ಮನೆ ಸೇರುವ ಹೊತ್ತಿಗೆ ದರ್ಜಿಯ ನಗು ನಿಂತುಹೋಗಿತ್ತು. "ಕೆಟ್ಟದ್ದೋ" ಎಂಬ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತ್ತು.

ಮೂರನೆಯ ಸಲ ಊರಿನ ದೊಡ್ಡಾಸ್ಪತ್ರೆಯ ಗಂಟಲು ವಿಭಾಗಕ್ಕೆ ಹೋದರು. ಉದ್ದನೆಯ ಬೆಂಚುಗಳಲ್ಲಿ ಜನ ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿದ್ದರು. ಮೂರು ಗಂಟೆ ಕಾದ ಮೇಲೆ ಸರದಿ ಬಂತು. ಒಳಗಿದ್ದವರು ಐವತ್ತು ದಾಟಿದ ಕುಳ್ಳ ಹೆಂಗಸು, ತಲೆಗೂದಲು ಕತ್ತರಿಸಿಕೊಂಡಿದ್ದರು, ಹಣೆಗೆ ಗುಂಡನೆಯ ಕನ್ನಡಿ ಕಟ್ಟಿದ್ದರು. ಅವಳು ಬಾಯಿ ತೆರೆಯುವ ಮುಂಚೆಯೇ ದರ್ಜಿ ಅಳತೆ ಪುಸ್ತಕ ಬಿಚ್ಚಿ ಮೇಜಿನ ಮೇಲಿಟ್ಟ.

"ಇದೇನು? ನನಗೆ ಅಂಗಿ ಹೊಲಿದುಕೊಡ್ತೀರಾ?" ಎಂದರು ಡಾಕ್ಟರು.

"ಇವಳ ಕತ್ತು ಮೇಡಂ. ಬೆಳಿಗ್ಗೆ ಎಡಗಡೆ ಬರೆದಿದ್ದೀನಿ, ಸಂಜೆ ಬಲಗಡೆ. ಅಡಿಗೆರೆ ಎಳೆದಿದ್ದು ರಜಾ ದಿನ."

ಡಾಕ್ಟರು ಪುಟದ ಮೇಲೆ ಬೆರಳಾಡಿಸಿದರು. ಅಡಿಗೆರೆಗಳ ಹತ್ತಿರ ಬೆರಳು ನಿಂತಿತು. ತಲೆಯೆತ್ತಿ ಅವಳನ್ನು ನೋಡಿದರು.

"ಏನಮ್ಮ ಕೆಲಸ ನಿಮ್ಮದು?"

"ಗಾಜು ಊದ್ತೀನಿ."

ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಡಬ್ಬದಿಂದ ರಬ್ಬರಿನ ಕೈಗವಸೊಂದನ್ನು ಎಳೆದು ಅವಳ ಕೈಗಿಟ್ಟು, "ಊದಿ," ಎಂದರು. "ಕೊನೆಯ ಉಸಿರು ಹೇಗೆ ಊದ್ತೀರೋ ಹಾಗೆ."

ಅವಳು ಊದಿದಳು. ಕೈಗವಸು ಹಸುವಿನ ಕೆಚ್ಚಲಿನ ಹಾಗೆ ಉಬ್ಬಿ, ಐದೂ ಬೆರಳು ಸೆಟೆದು ನಿಂತಿತು. ಅದರ ಜೊತೆಗೇ ಕತ್ತಿನ ಎಡಗಡೆ ಗಂಟೂ ಎದ್ದಿತು. ಡಾಕ್ಟರು ಅದನ್ನು ಮೆಲ್ಲಗೆ ಒತ್ತಿ, ಕಿವಿಯನ್ನು ಹತ್ತಿರ ತಂದು ಗುಳುಗುಳು ಸದ್ದು ಕೇಳಿಸಿಕೊಂಡರು. ಅವರ ಮುಖ ಅರಳಿತು.

"ಇದು ಗ್ರಂಥಿಯಲ್ಲ, ಗೆಡ್ಡೆಯಲ್ಲ. ಗಾಳಿ," ಎಂದರು. "ಮೂವತ್ತು ವರ್ಷದಲ್ಲಿ ಇಂಥದ್ದು ನೋಡ್ತಿರೋದು ಇದು ಮೂರನೇದು. ಮೊದಲಿನವರಲ್ಲಿ ಒಬ್ಬರು ಕಹಳೆ ಊದೋರು, ಇನ್ನೊಬ್ಬರಿಗೆ ಯಾಕೆ ಬಂತೋ ಗೊತ್ತಾಗ್ಲಿಲ್ಲ."

ಮೂಗಿನಿಂದ ತೆಳ್ಳನೆಯ ನಳಿಕೆ ಇಳಿಸಿ ಧ್ವನಿಪೆಟ್ಟಿಗೆಯ ಒಳಗನ್ನು ನೋಡಿದರು. ಅಲ್ಲಿ ಗೆಡ್ಡೆಯೇನೂ ಬೆಳೆದಿಲ್ಲ ಎಂದು ಖಚಿತ ಮಾಡಿಕೊಂಡರು. ಊದುತ್ತಿರುವಾಗಲೇ ಒಂದು ಸ್ಕ್ಯಾನ್ ತೆಗೆಸಿದರು. ಅದರಲ್ಲಿ ಗಂಟಲಿನ ಪಕ್ಕ ಕಪ್ಪು ಗುಳ್ಳೆಯೊಂದು ಸ್ಪಷ್ಟವಾಗಿ ಕಾಣಿಸಿತು, ನಡುವೆ ಕಿರಿದಾದ ಕತ್ತು, ಹೊರಗೆ ದುಂಡನೆಯ ಹೊಟ್ಟೆ. ಡಾಕ್ಟರು ಅದನ್ನು ಕಾಗದದ ಮೇಲೆ ಬರೆದು ವಿವರಿಸಿದರು.

"ಧ್ವನಿತಂತುಗಳ ಮೇಲುಗಡೆ ಪ್ರತಿಯೊಬ್ಬರಿಗೂ ಎರಡೂ ಪಕ್ಕ ಒಂದೊಂದು ಪುಟ್ಟ ಜೇಬಿರುತ್ತೆ. ಮಾತಾಡುವಾಗ ತಂತುಗಳಿಗೆ ಪಸೆ ಕೊಡೋದು ಅದೇ. ನೀವು ಇಪ್ಪತ್ತು ವರ್ಷ ಗಂಟಲು ಬಿಗಿಹಿಡಿದು ಊದಿ ಊದಿ ಎಡಗಡೆ ಜೇಬು ಹಿಗ್ಗಿಬಿಟ್ಟಿದೆ."

"ಜೇಬಿನ ತಳ ಸಡಿಲಾಗಿ ಅಸ್ತರಿನೊಳಗೆ ಇಳಿದುಹೋದ ಹಾಗೆ," ಎಂದ ದರ್ಜಿ.

"ಅದೇ. ಹೊರಗೆ ಬರೋಕೆ ಅದಕ್ಕೊಂದು ದಾರಿ ಬೇಕಲ್ಲ. ಇಲ್ಲಿ ಎರಡು ಎಲುಬಿನ ನಡುವೆ ಒಂದು ತೆಳು ಪೊರೆ ಇದೆ. ಆ ಪೊರೆಯಲ್ಲಿ ನರ ಮತ್ತೆ ರಕ್ತನಾಳ ಒಳಗೆ ಹೋಗೋಕೆ ಒಂದು ಕಿಂಡಿ. ನಿಮ್ಮ ಗಾಳಿಚೀಲ ಅದೇ ಕಿಂಡಿಯಿಂದ ಹೊರಗೆ ಬಂದಿದೆ." ಡಾಕ್ಟರು ಪೆನ್ಸಿಲಿನಿಂದ ಒಂದು ಗೆರೆ ಎಳೆದರು. "ಈ ನರ ದಾರದಷ್ಟು ದಪ್ಪ. ಗಂಟಲಿಗೆ ಕಾವಲುಗಾರ ಇದೇ. ಒಂದು ಹನಿ ನೀರು ತಪ್ಪು ದಾರಿಗೆ ಹೋದ್ರೆ ಕೆಮ್ಮಿ ಎಬ್ಬಿಸುತ್ತೆ. ಗ್ರಂಥಿ ಅಂದ್ಕೊಂಡು ಯಾರಾದ್ರೂ ಕತ್ತರಿ ಹಾಕಿದ್ದಿದ್ರೆ ಮೊದಲು ತುಂಡಾಗ್ತಿದ್ದದ್ದು ಇದು."

ದರ್ಜಿಯ ಕೈ ತಾನಾಗಿ ಹೆಂಡತಿಯ ಭುಜದ ಮೇಲೆ ಬಂತು.

"ತೆಗೆಸಿದ್ರೆ ಮತ್ತೆ ಊದಬಹುದಾ?" ಎಂದು ಅವಳು ಕೇಳಿದಳು.

"ಊದಬಹುದು ಅಂತ ನನಗನ್ಸುತ್ತೆ. ಮಾತು ಕೊಡೋದಿಲ್ಲ. ತೆಗೆಸದೇ ಇದ್ರೂ ಬದುಕಬಹುದು, ಆದ್ರೆ ಊದೋದು ನಿಲ್ಲಿಸ್ಬೇಕು. ನಿಮ್ಮಿಷ್ಟ. ಯೋಚಿಸಿ."

ಅಂದು ಮನೆಯಲ್ಲಿ ಊಟದ ಹೊತ್ತಿಗೆ ಮಾತು ಏರಿತು. ಮನೆಯಲ್ಲಿ ಇದ್ದವರು ಮೂವರೇ. ಮೂರನೆಯವರು ದರ್ಜಿಯ ತಾಯಿ. ಎಪ್ಪತ್ತು ದಾಟಿದ್ದರೂ ಕಣ್ಣು, ಕಿವಿ, ನಾಲಿಗೆ ಮೂರೂ ಚುರುಕು. ಮಗ ಎಲ್ಲ ವಿವರಿಸಿದ. ಕೆಲವು ದೊಡ್ಡ ವಾನರಗಳಿಗೆ ಇಂಥ ಗಾಳಿಚೀಲ ಎದೆಯವರೆಗೂ ಇರುತ್ತದಂತೆ, ಕಾಡೆಲ್ಲ ಕೇಳುವ ಹಾಗೆ ಕೂಗಲು, ಎಂದು ಡಾಕ್ಟರು ಹೇಳಿದ್ದನ್ನೂ ಸೇರಿಸಿದ.

"ನನ್ನ ಸೊಸೆ ಕೂಗೋದಕ್ಕೆ ಚೀಲ ಬೇರೆ ಬೇಕಾಗಿತ್ತಾ," ಎಂದರು ಅತ್ತೆ.

ದರ್ಜಿ ನಗಲಿಲ್ಲ. "ಊದೋದು ಬಿಟ್ಟುಬಿಡು. ನನ್ನ ಅಂಗಡಿಯಲ್ಲಿ ಕಾಜಾ ಹೊಲಿ, ಗುಂಡಿ ಹಾಕು. ಒಂದ್ಸಲ ಕತ್ತರಿ ಆಡಿಸಿದ ಬಟ್ಟೆ ಮತ್ತೆ ಇಡೀ ಬಟ್ಟೆ ಆಗಲ್ಲ."

"ಕತ್ತರಿ ಆಡಿಸದೇ ಯಾವ ಅಂಗಿ ಹೊಲಿದಿದ್ದೀರಿ ನೀವು?"

"ಬಟ್ಟೆ ಹಾಳಾದ್ರೆ ಇನ್ನೊಂದು ತರ್ತೀನಿ. ನಿನ್ನನ್ನ ಎಲ್ಲಿಂದ ತರ್ಲಿ?"

ಅವಳು ತಟ್ಟೆ ಸರಿಸಿದಳು. ಆಮೇಲೆ, "ಕೊಳವೆ ಹಿಡಿದಾಗ ನಾನು ಯಾರು ಅಂತ ನನಗೆ ಗೊತ್ತಿರುತ್ತೆ," ಎಂದಳು. "ಅದೊಂದನ್ನ ಕಿತ್ಕೋಬೇಡಿ."

ಮಗನ ಪರವಾಗಿ ಮಾತಾಡುತ್ತಾರೆಂದು ಇಬ್ಬರೂ ಅಂದುಕೊಂಡಿದ್ದ ಅತ್ತೆ ಸೊಸೆಯ ಕಡೆ ವಾಲಿದರು. "ಮಾಡಿಸ್ಕೊಳ್ಳಲಿ ಬಿಡೋ. ಇವಳು ಗಾಜು ಊದದೇ ಮನೇಲಿ ಕೂತ್ರೆ ನಮ್ಮಿಬ್ಬರನ್ನೂ ಊದಿ ಹಾರಿಸ್ತಾಳೆ."

ಆದರೆ ಆ ವಾದವನ್ನು ಮುಗಿಸಿದ್ದು ಅವರ್ಯಾರೂ ಅಲ್ಲ, ಗಂಟೇ. ಅವರು ಇನ್ನೂ ಡಾಕ್ಟರಿಗೆ ಉತ್ತರ ಹೇಳದೆ ಮೂರು ವಾರ ಕಳೆದಿತ್ತು. ಒಂದು ಬೆಳಿಗ್ಗೆ ಅವಳಿಗೆ ಮೈ ಬಿಸಿಯಿತ್ತು. ನೆಗಡಿಯೆಂದುಕೊಂಡು ಕೆಲಸಕ್ಕೆ ಹೋದಳು. ಊದುವುದಿಲ್ಲ, ಬರೀ ಉಳಿದವರ ಕೆಲಸ ನೋಡಿಕೊಳ್ಳುತ್ತೇನೆ ಎಂದು ಗಂಡನಿಗೆ ಮಾತು ಕೊಟ್ಟಿದ್ದಳು, ಹಾಗೇ ನಡೆದುಕೊಂಡಳು. ಹನ್ನೊಂದು ಗಂಟೆಯ ಹೊತ್ತಿಗೆ, ಊದದೆಯೇ, ಗಂಟು ಎದ್ದು ನಿಂತಿತ್ತು. ಒತ್ತಿದರೆ ಒಳಗೆ ಹೋಗಲಿಲ್ಲ. ಕಲ್ಲಿನ ಹಾಗೆ ಗಟ್ಟಿ, ಮುಟ್ಟಿದರೆ ಸುಡುತ್ತಿತ್ತು, ಕೆಂಪಗಾಗಿತ್ತು. ಉಗುಳು ನುಂಗಲು ಆಗದೆ ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತಿದ್ದಳು. ಉಸಿರೆಳೆದಾಗ ಗಂಟಲಿನಿಂದ ಸುಯ್ ಎಂದು ಸೀಟಿಯಂಥ ಸದ್ದು ಬರತೊಡಗಿತು.

ಶೆಡ್ಡಿಗೆ ಬಂದ ಯಜಮಾನರು ಅವಳನ್ನು ನೋಡಿ ಒಂದು ಮಾತೂ ಕೇಳಲಿಲ್ಲ. ಕಾರಿನ ಬಾಗಿಲು ತೆಗೆದು ಕೂರಿಸಿಕೊಂಡು ತಾವೇ ಓಡಿಸಿದರು. "ಒರಗಬೇಡಿ ಮೇಸ್ತ್ರಿ ಅಕ್ಕ, ಮುಂದಕ್ಕೆ ಬಾಗಿ ಕೂತ್ಕೊಳ್ಳಿ. ಒಳಕ್ಕೆ ಎಳೀರಿ, ಹೊರಕ್ಕೆ ಬಿಡಿ. ನನಗೆ ಕೇಳಿಸ್ಬೇಕು," ಎಂದು ದಾರಿಯುದ್ದಕ್ಕೂ ಹೇಳುತ್ತ ಹೋದರು. ಇಪ್ಪತ್ತು ವರ್ಷ ಮೂರೇ ಉಸಿರಿನಲ್ಲಿ ಜಾಡಿ ಎಬ್ಬಿಸಿದವಳಿಗೆ ಆಗ ಒಂದೊಂದು ಉಸಿರೂ ಸೂಜಿಯ ಕಣ್ಣಿನಿಂದ ಎಳೆದ ಹಾಗಿತ್ತು.

ದೊಡ್ಡಾಸ್ಪತ್ರೆಯಲ್ಲಿ ಕುಳ್ಳ ಡಾಕ್ಟರು ಅವಳನ್ನು ಕಂಡ ಕೂಡಲೇ ಶಸ್ತ್ರಚಿಕಿತ್ಸೆಯ ಕೋಣೆ ಸಜ್ಜು ಮಾಡಿಸಿದರು. ಉಸಿರು ಪೂರ್ತಿ ಕಟ್ಟಿದರೆ ಕತ್ತಿನ ಮುಂದೆ ಶ್ವಾಸನಾಳಕ್ಕೇ ರಂಧ್ರ ಮಾಡಬೇಕು. ಅದಕ್ಕೆ ಬೇಕಾದ್ದೆಲ್ಲ ತಟ್ಟೆಯಲ್ಲಿ ಸಿದ್ಧವಾಯಿತು. ಮೊದಲು ದಪ್ಪ ಸೂಜಿಯೊಂದನ್ನು ಗಂಟಿಗೆ ಚುಚ್ಚಿ ಎಳೆದರು. ಹಳದಿ ಕೀವು ಬಂತು. ಇನ್ನೊಂದು ಸಲ ಎಳೆದರು. ಮೂರನೆಯ ಸಲಕ್ಕೆ ಸೀಟಿಯ ಸದ್ದು ತಗ್ಗಿತು. ನಾಲ್ಕನೆಯದಕ್ಕೆ ಅವಳು ಕಣ್ಣು ಮುಚ್ಚಿ ಉದ್ದಕ್ಕೆ ಒಂದು ಉಸಿರೆಳೆದಳು. ರಂಧ್ರ ಮಾಡುವ ಅಗತ್ಯ ಬೀಳಲಿಲ್ಲ.

ಎಂಟು ದಿನ ಅಲ್ಲೇ ಇರಬೇಕಾಯಿತು. ಮನೆಗೆ ಕಳಿಸುವ ದಿನ ಡಾಕ್ಟರು ಮಂಚದ ತುದಿಯಲ್ಲಿ ಕೂತು ಹೇಳಿದರು. "ಹಿಂದೆ ನಿಮ್ಮಿಷ್ಟ ಅಂದಿದ್ದೆ. ಈಗ ಇಷ್ಟದ ಮಾತಿಲ್ಲ. ಇನ್ನೊಂದ್ಸಲ ಹೀಗಾದ್ರೆ ಇಲ್ಲಿಗೆ ಬರೋಷ್ಟು ಹೊತ್ತು ಸಿಗದೇ ಹೋಗಬಹುದು. ಎರಡು ತಿಂಗಳು ಆರಲಿ, ತೆಗೆಯೋಣ. ಕೀವಾದ ಚೀಲ ಸುತ್ತಮುತ್ತ ಅಂಟಿಕೊಂಡಿರುತ್ತೆ, ನರಕ್ಕೂ ಅಂಟಿರುತ್ತೆ. ಮುಂಚಿಗಿಂತ ಕಷ್ಟ. ಸುಳ್ಳು ಹೇಳಲ್ಲ."

"ಗಾಯ ಎಷ್ಟು ದೊಡ್ಡದಾದ್ರೂ ಪರವಾಗಿಲ್ಲ," ಎಂದಳು ಅವಳು. "ಆ ದಾರದಂಥದ್ದನ್ನ ಉಳಿಸ್ಕೊಡಿ."

ಈ ಸಲ ದರ್ಜಿ ಅಡ್ಡ ಮಾತಾಡಲಿಲ್ಲ. "ಕತ್ತಿನ ಮಡಿಕೆ ಇರೋ ಕಡೆ ಗೆರೆ ಎಳೀರಿ ಮೇಡಂ. ಮಡಿಕೆಯಲ್ಲಿ ಹೊಲಿಗೆ ಮುಚ್ಚಿಹೋಗುತ್ತೆ," ಎಂದಷ್ಟೇ ಹೇಳಿದ.

"ನಾವೂ ಅದನ್ನೇ ಮಾಡೋದು. ನಿಮ್ಮ ಕಸುಬಿನವರಿಂದಲೇ ಕಲಿತಿರಬೇಕು," ಎಂದರು ಡಾಕ್ಟರು.

ಎರಡು ತಿಂಗಳ ಮೇಲೆ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನಡೆದದ್ದನ್ನು ಡಾಕ್ಟರು ಆಮೇಲೆ ಅವಳಿಗೆ ಎಳೆಎಳೆಯಾಗಿ ಹೇಳಿದರು. ಅವರು ಹೇಳಿದ್ದೇ ಇದು.

ಬೆಳಿಗ್ಗೆ ಎಂಟೂವರೆಗೆ ಕತ್ತಿನ ಮಡಿಕೆಯಲ್ಲಿ ನಾಲ್ಕು ಬೆರಳುದ್ದ ಗೆರೆ ಹಾಕಿದರು. ಮೇಲಿನ ಪದರಗಳು ಸಲೀಸಾಗಿ ಬಿಟ್ಟುಕೊಂಡವು. ಆ ಕೆಳಗೆ ಸಿಕ್ಕ ಚೀಲ ಮಾತ್ರ ಮೆತ್ತಗಿರಲಿಲ್ಲ. ಹಳೆಯ ಕೀವಿನಿಂದ ದಪ್ಪಗಾಗಿ, ಒದ್ದೆಯಾಗಿ ಒಣಗಿದ ಚರ್ಮದ ಹಾಗೆ ಸುತ್ತಲಿನದನ್ನೆಲ್ಲ ಕಚ್ಚಿ ಹಿಡಿದಿತ್ತು. ಕಿಂಡಿಯ ಹತ್ತಿರ ಬಂದಾಗ ನರ ಕಾಣಿಸಬೇಕಾದ ಜಾಗದಲ್ಲಿ ಕಾಣಿಸಲಿಲ್ಲ. ಚೀಲದ ಮೇಲೆ ಬಿಳಿ ಎಳೆಗಳು ಐದಾರು ಇದ್ದವು. ಐದು ಬರೀ ಗಾಯದ ಕಲೆ, ಒಂದು ನರ. ಯಾವುದು ಎಂದು ಹೇಳುವಂತಿರಲಿಲ್ಲ.

"ಇದೇ ಇರಬಹುದಾ?" ಎಂದು ಎದುರಿಗಿದ್ದ ಸಹಾಯಕ ಡಾಕ್ಟರು ಒಂದು ಎಳೆಯನ್ನು ತೋರಿಸಿದರು.

"ಇರಬಹುದು ಅನ್ನೋದನ್ನ ನಾನು ಕತ್ತರಿಸಲ್ಲ," ಎಂದರು ಕುಳ್ಳ ಡಾಕ್ಟರು.

ಚೀಲವನ್ನು ಅಲ್ಲಿಗೇ ಬಿಟ್ಟು ಅವರು ಹಿಂದಕ್ಕೆ ಹೋದರು. ನರ ಹೊರಡುವುದು ಕತ್ತಿನ ಮೇಲ್ಭಾಗದಿಂದ. ಕೀವು ಮುಟ್ಟದ ಆ ಜಾಗದಲ್ಲಿ ಅದು ತನ್ನ ಪಾಡಿಗೆ ಹೊಳೆಯುತ್ತಿರಬೇಕು. ದೊಡ್ಡ ರಕ್ತನಾಳದ ಹಿಂದೆ ಹುಡುಕಿದರು. ಸಿಕ್ಕಿತು. ಅಲ್ಲಿಂದ ಅದರ ಬೆನ್ನುಹತ್ತಿ ಒಂದೊಂದೇ ಅಕ್ಕಿಕಾಳಿನಷ್ಟು ದೂರ ಕೆಳಗೆ ಇಳಿದರು. ಕನ್ನಡಕದ ಮೇಲಿನ ಭೂತಗನ್ನಡಿಯಲ್ಲಿ ನೋಡುತ್ತ, ಚೂಪಾದ ಕತ್ತರಿಯ ತುದಿಯನ್ನು ನರಕ್ಕೂ ಚೀಲಕ್ಕೂ ನಡುವೆ ತೂರಿಸಿ, ತೆರೆದು, ಹಿಂದಕ್ಕೆ ತೆಗೆದು, ಮತ್ತೆ ತೂರಿಸಿ. ನರ ಹೋಗಿದ್ದ ದಾರಿ ಯಾರೂ ಊಹಿಸಿದ್ದಲ್ಲ. ಹಿಗ್ಗಿದ ಚೀಲ ಅದನ್ನು ತನ್ನ ಮೇಲೆ ಹೊತ್ತುಕೊಂಡು ಮುಂದಕ್ಕೆ ತಳ್ಳಿಬಿಟ್ಟಿತ್ತು. ಸಹಾಯಕರು ತೋರಿಸಿದ ಎಳೆ ಬರೀ ಕಲೆಯಾಗಿತ್ತು. ಮುಟ್ಟಲು ಯಾರಿಗೂ ಭಯವಾಗದಷ್ಟು ಮಾಸಲಾಗಿ, ಚೀಲಕ್ಕೆ ಒತ್ತಿಕೊಂಡು ಬಿದ್ದಿದ್ದ ಇನ್ನೊಂದು ಎಳೆಯೇ ನರ.

ಅಷ್ಟು ದೂರಕ್ಕೆ ಒಂದೂಕಾಲು ಗಂಟೆ ಹಿಡಿಯಿತು. ಕೊನೆಯ ಅಂಟು ಬಿಟ್ಟಾಗ ನರ ಚೀಲದ ಮೇಲಿಂದ ಜಾರಿ ತನ್ನ ಹಳೆಯ ಜಾಗದಲ್ಲಿ ಹೋಗಿ ಮಲಗಿತು. ಡಾಕ್ಟರು ಕತ್ತರಿ ಕೆಳಗಿಟ್ಟು, ಎರಡು ನಿಮಿಷ ಬೆರಳು ಮಡಿಸಿ ಬಿಚ್ಚಿ, ಉಳಿದದ್ದಕ್ಕೆ ಕೈಹಾಕಿದರು. ಚೀಲವನ್ನು ಧ್ವನಿಪೆಟ್ಟಿಗೆಯ ಬುಡದವರೆಗೆ ಬಿಡಿಸಿ, ಅದರ ಕಿರಿದಾದ ಕತ್ತನ್ನು ಕಟ್ಟಿ, ಕತ್ತರಿಸಿ, ಎರಡು ಸುತ್ತು ಹೊಲಿದರು.

"ಈಗ ಪಂಕ್ಚರ್ ನೋಡೋಣ," ಎಂದರು.

ಗಾಯದೊಳಗೆ ಉಪ್ಪುನೀರು ತುಂಬಿಸಿದರು. ಅರಿವಳಿಕೆ ಡಾಕ್ಟರು ಗಂಟಲಿಗೆ ಹಾಕಿದ್ದ ಕೊಳವೆಯನ್ನು ಸ್ವಲ್ಪ ಸಡಿಲಿಸಿ ಗಾಳಿಯನ್ನು ಒತ್ತಿ ಬಿಟ್ಟರು. ಸೈಕಲ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡುವ ಹಾಗೆ ಎಲ್ಲರೂ ಬಾಗಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ಇನ್ನೂ ಜೋರಾಗಿ ಒತ್ತಿದರು. ನೀರು ಅಲುಗಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತಿದ್ದ ದರ್ಜಿ ಅಷ್ಟು ಹೊತ್ತಿನಲ್ಲಿ ಕರವಸ್ತ್ರದ ಅಂಚಿನ ಹೊಲಿಗೆಯನ್ನು ಪೂರ್ತಿ ಬಿಚ್ಚಿ ಹಾಕಿದ್ದ. ಡಾಕ್ಟರು ಹೊರಬಂದು, "ನರ ಇದೆ. ಇಡೀ ಇದೆ. ಕೆಲಸ ಮಾಡುತ್ತಾ ಅಂತ ನಾಳೆ ನೋಡೋಣ," ಎಂದರು.

ಮರುದಿನ ಬೆಳಿಗ್ಗೆ ಡಾಕ್ಟರು ಲೋಟದಲ್ಲಿ ನೀರು ತಂದರು. ನರ ಸತ್ತಿದ್ದರೆ ನೀರು ತಪ್ಪು ದಾರಿಗಿಳಿದು ಎದೆಯೊಳಗೆ ಗೊರಗೊರ ಅನ್ನುತ್ತದೆ. ಅತ್ತೆ, ದರ್ಜಿ ಇಬ್ಬರೂ ಮಂಚದ ಎರಡು ಪಕ್ಕ ನಿಂತಿದ್ದರು. ಅವಳು ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ಡಾಕ್ಟರ ಮುಖವನ್ನೇ ನೋಡುತ್ತ ನುಂಗಿದಳು. ಏನೂ ಆಗಲಿಲ್ಲ. ಇನ್ನೊಂದು ಗುಟುಕು. ಲೋಟ ಖಾಲಿಯಾಯಿತು.

"ಏನಾದ್ರೂ ಮಾತಾಡಿ," ಎಂದರು ಡಾಕ್ಟರು.

ಅವಳು ಗಂಡನ ಕಡೆ ತಿರುಗಿದಳು. "ಆ ಕರವಸ್ತ್ರ ನಾನು ಕೊಟ್ಟಿದ್ದಲ್ವಾ? ಏನು ಗತಿ ಮಾಡಿದ್ದೀರಿ ಅದಕ್ಕೆ?"

ದನಿ ತುಸು ಕರಕರ ಅನ್ನುತ್ತಿತ್ತು, ಆದರೆ ಅವಳದೇ ದನಿ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಚೀಲ ತೆಗೆದ್ರೂ ಜೋರು ಕಮ್ಮಿ ಆಗ್ಲಿಲ್ಲವಲ್ಲ ಡಾಕ್ಟರೇ," ಎಂದರು. ಡಾಕ್ಟರು ಬಾಗಿಲಾಚೆಯವರೆಗೂ ನಗುತ್ತ ಹೋದರು. ತೆಗೆದ ಚೀಲವನ್ನು ಪರೀಕ್ಷೆಗೆ ಕಳಿಸಿದ್ದರು. ಕೆಟ್ಟದ್ದೇನೂ ಇಲ್ಲ ಎಂದು ನಾಲ್ಕು ದಿನಕ್ಕೆ ಬರಹದಲ್ಲಿ ಬಂತು. ಅಂದು ದರ್ಜಿ ಎಷ್ಟೋ ತಿಂಗಳ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡ.

ಊದಲು ಅಪ್ಪಣೆ ಸಿಗಲು ಮೂರು ತಿಂಗಳಾಯಿತು. ಅದಕ್ಕೂ ಮುಂಚೆ ಅವಳು ಊದುವುದನ್ನು ಹೊಸದಾಗಿ ಕಲಿಯಬೇಕಿತ್ತು. ಗಂಟಲು ಬಿಗಿಹಿಡಿದು ಊದುವುದು ಅವಳ ಇಪ್ಪತ್ತು ವರ್ಷದ ಚಾಳಿ. ಗಂಟಲನ್ನು ತೆರೆದ ಬಾಗಿಲಿನ ಹಾಗೆ ಬಿಟ್ಟು, ಒತ್ತಡವನ್ನೆಲ್ಲ ಹೊಟ್ಟೆಯಿಂದ ತರಬೇಕು ಎಂದರು ಡಾಕ್ಟರು. ಮೊದಲು ಲೋಟದ ನೀರಿನಲ್ಲಿ ಸ್ಟ್ರಾ ಇಟ್ಟು ಗುಳ್ಳೆ ಬಿಡುವುದು, ಆಮೇಲೆ ರಬ್ಬರಿನ ಕೈಗವಸು. ಅಡುಗೆಮನೆಯಲ್ಲಿ ಅತ್ತೆ ಎದುರು ಕೂತು ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಕಾವಲು ಕಾಯುತ್ತಿದ್ದರು. "ಗಂಟಲು ಬಿಗೀತಿದೆ, ನಿಲ್ಲಿಸು," ಎಂದು ಗದರುತ್ತಿದ್ದರು. ದರ್ಜಿ ಬೆಳಿಗ್ಗೆ ಸಂಜೆ ಟೇಪು ಸುತ್ತುವುದನ್ನು ಬಿಡಲಿಲ್ಲ. ಹದಿಮೂರು, ಹದಿಮೂರು, ಹದಿಮೂರು ಎಂದು ಬರೆದು ಬರೆದು ಒಂದು ದಿನ ಅವನೇ ಬೇಸತ್ತು ಆ ಪುಟಕ್ಕೆ ಅಡ್ಡಗೆರೆ ಎಳೆದ.

ಅವಳು ಕುಲುಮೆಗೆ ಮರಳಿದಾಗ ಶೆಡ್ಡಿನಲ್ಲಿ ಒಂದು ಕೆಲಸ ನಿಂತುಹೋಗಿತ್ತು. ವಿಜ್ಞಾನ ಕಾಲೇಜೊಂದು ಬಾಯಿಂದ ಊದಿದ ಗಾಜಿನ ಗೋಳಗಳನ್ನು ಕೇಳಿತ್ತು, ಜಾಡಿಗಿಂತ ಒಂದೂವರೆ ಪಟ್ಟು ದೊಡ್ಡವು, ಗೋಡೆ ಎಲ್ಲ ಕಡೆ ಒಂದೇ ದಪ್ಪ. ಉಳಿದ ಇಬ್ಬರು ಊದುವವರು ಐದು ಸಲ ಯತ್ನಿಸಿದ್ದರು. ಮೂರು ವಾಲಿಕೊಂಡವು, ಎರಡು ಒಡೆದವು. ಯಜಮಾನರು ಅವಳನ್ನು ಕೇಳಲಿಲ್ಲ. ಮೊದಲ ತಿಂಗಳು ಸಣ್ಣ ಜಾಡಿಗಳನ್ನಷ್ಟೇ ಕೊಟ್ಟರು. ಎರಡನೆಯ ತಿಂಗಳು ಅವಳೇ ಹೋಗಿ ಕೇಳಿದಳು.

"ಆ ಗೋಳ ನಾನು ಊದ್ತೀನಿ."

"ಡಾಕ್ಟರು ಏನಂತಾರೆ?"

"ಬಂದು ನೋಡ್ತಾರಂತೆ."

ಡಾಕ್ಟರು ನಿಜವಾಗಿಯೂ ಬಂದರು, ಇಬ್ಬರು ವಿದ್ಯಾರ್ಥಿಗಳ ಜೊತೆ, ಒಂದು ಮಧ್ಯಾಹ್ನ. ದರ್ಜಿ ಅಂಗಡಿ ಮುಚ್ಚಿ ತಾಯಿಯನ್ನು ಕರೆತಂದಿದ್ದ. ಎಲ್ಲರನ್ನೂ ಗೋಡೆಯ ಪಕ್ಕ ನಿಲ್ಲಿಸಿದರು. ಅವಳು ಹೊಸ ಅಂಗಿಯ ಕಾಲರಿನ ಗುಂಡಿ ಹಾಕಿಕೊಂಡು, ಕತ್ತಿಗೆ ಬಟ್ಟೆ ಸುತ್ತದೆ, ಕುಲುಮೆಯ ಬಾಯಿಗೆ ಹೋದಳು.

ಗಾಜನ್ನು ಮೂರು ಸಲ ಸುತ್ತಿ ತೆಗೆದಳು. ಕೊಳವೆಯ ತುದಿಯಲ್ಲಿ ಅದು ಕುಂಬಳಕಾಯಿಯಷ್ಟು ದಪ್ಪಗೆ ಕೆಂಪಗೆ ಜೋತಿತ್ತು. ಜೊತೆಗಾರರಿಬ್ಬರು ಕೊಳವೆಗೆ ಆಸರೆ ಕೊಟ್ಟರು. ಮೊದಲ ಉಸಿರು. ಗಾಜಿನ ನಡುವೆ ಒಂದು ಬೆಳಕಿನ ಕಾಳು ಕಾಣಿಸಿಕೊಂಡಿತು. ತಿರುಗಿಸಿದಳು, ಮತ್ತೆ ಊದಿದಳು. ಕಾಳು ಹಣ್ಣಾಯಿತು, ಹಣ್ಣು ಬುರುಡೆಯಾಯಿತು. ಮತ್ತೆ ಕುಲುಮೆಗೆ, ಮತ್ತೆ ಹೊರಗೆ. ಅವಳ ಹೊಟ್ಟೆ ತಿದಿಯ ಹಾಗೆ ಒಳಗೆ ಹೋಗಿ ಬರುತ್ತಿತ್ತು. ಡಾಕ್ಟರ ಕಣ್ಣು ಗೋಳದ ಮೇಲಿರಲಿಲ್ಲ, ಅವಳ ಎಡಗುತ್ತಿಗೆಯ ಮೇಲಿತ್ತು. ಅಲ್ಲಿ ಮಡಿಕೆಯೊಳಗೆ ಅಡಗಿದ ಸಣ್ಣ ಗೆರೆ ಬಿಟ್ಟರೆ ಬೇರೇನೂ ಏಳಲಿಲ್ಲ.

ಕೊನೆಯ ಉಸಿರಿಗೆ ಮುಂಚೆ ಅವಳು ಕಣ್ಣು ಮುಚ್ಚಿ ಒಂದು ಕ್ಷಣ ನಿಂತಳು. ಗಂಟಲು ತೆರೆದುಕೊಂಡಿತು. ಊದಿದಳು. ಗೋಳ ಅಳುಕದೆ, ಅವಸರವಿಲ್ಲದೆ, ಎಲ್ಲ ಕಡೆಗೂ ಒಂದೇ ಸಮನೆ ಹಿಗ್ಗಿತು. ಕೆಂಪು ಇಳಿದು ಬರೀ ಬೆಳಕಾಯಿತು. ಅಳತೆಯ ಮರದ ಚೌಕಟ್ಟನ್ನು ಹತ್ತಿರ ತಂದು ಹಿಡಿದ ಜೊತೆಗಾರ, "ಸಾಕು," ಎಂದ. ಅವಳು ಉಸಿರು ನಿಲ್ಲಿಸಿದಳು.

ತಣಿಸುವ ಗೂಡಿನೊಳಗೆ ಅದನ್ನು ಇಟ್ಟು ಬಾಗಿಲು ಮುಚ್ಚಿದ ಮೇಲೆ ಶೆಡ್ಡಿನವರೆಲ್ಲ ತಮ್ಮ ಕೊಳವೆಗಳನ್ನು ಕಲ್ಲುಹಾಸಿಗೆ ಕುಟ್ಟಿದರು. ಅಲ್ಲಿ ಚಪ್ಪಾಳೆಯೆಂದರೆ ಅದೇ. ದರ್ಜಿ ಮೂಗು ಸೀಟುತ್ತ ಗೋಡೆಯ ಕಡೆ ತಿರುಗಿಕೊಂಡಿದ್ದ. ಡಾಕ್ಟರು ತಮಗೂ ಒಂದು ಕೊಳವೆ ಕೊಡಿ ಎಂದು ಕೇಳಿ, ಕೆನ್ನೆ ಕೆಂಪಾಗುವಷ್ಟು ಊದಿ, ಹಲಸಿನ ಬೀಜದಂಥ ಸೊಟ್ಟ ಗುಳ್ಳೆಯೊಂದನ್ನು ಎಬ್ಬಿಸಿದರು.

"ಮೂವತ್ತು ವರ್ಷದಲ್ಲಿ ನನ್ನ ಕೈಯಿಂದ ಇಷ್ಟು ಕೆಟ್ಟ ಗಂಟು ಹೊರಬಂದಿದ್ದು ಇದೇ ಮೊದಲು," ಎಂದರು. ವಿದ್ಯಾರ್ಥಿಗಳು ನಗಬಹುದೋ ಬಾರದೋ ಎಂದು ಒಬ್ಬರನ್ನೊಬ್ಬರು ನೋಡಿಕೊಂಡರು. ಅತ್ತೆ ಮಾತ್ರ ಯಾರನ್ನೂ ಕೇಳದೆ ನಕ್ಕರು.

ಯಜಮಾನರು ಅವಳ ಬಳಿಗೆ ಬಂದು, "ಮನೆಗೆ ಹೋಗಿ ಮೇಸ್ತ್ರಿ ಅಕ್ಕ, ಇವತ್ತಿಗೆ ಸಾಕು," ಎಂದ‌ರು.

"ಕಾಲೇಜಿನವರು ಕೇಳಿದ್ದು ಎರಡು ಅಲ್ವಾ?" ಎಂದಳು ಅವಳು. ಮುಖದ ಬೆವರನ್ನು ತೋಳಿನಿಂದ ಒರೆಸಿಕೊಂಡು, ಇನ್ನೊಂದು ಕೊಳವೆಯನ್ನು ತೆಗೆದುಕೊಂಡು ಕುಲುಮೆಯ ಕಡೆ ನಡೆದಳು.